ಹದಿಮೂರು ನಿಮಿಷದ ಹಾಡು

ಗಣಿತದ ಟೀಚರಾಗಿ ನಿವೃತ್ತಳಾದವಳ ಜಗಲಿ ಪರೀಕ್ಷೆಯ ತಿಂಗಳಲ್ಲಿ ಖಾಲಿ ಇರುವುದಿಲ್ಲ. ಕುಮಟೆಯ ನಮ್ಮ ಕೇರಿಯಲ್ಲಿ ಯಾರ ಮಗುವಿಗೆ ಲೆಕ್ಕ ಬಿಡಿಸಲು ಬಾರದಿದ್ದರೂ ತಾಯಂದಿರು ಕೈಹಿಡಿದು ತಂದು ನನ್ನ ಮುಂದೆ ಕೂರಿಸಿ, ‘ಸ್ವಲ್ಪ ಬೈದು ಹೇಳಿಕೊಡಿ’ ಎಂದು ಹೋಗುತ್ತಾರೆ. ನಮ್ಮ ಮನೆಯವರು ಯಾರೂ ಈಗ ನನ್ನ ಬೈಗುಳಕ್ಕೆ ಕಿವಿಗೊಡದ ಕಾರಣ ನನಗೂ ಅದು ಅನುಕೂಲವೇ.

ಹೋದ ವಾರ ಪಕ್ಕದ ಮನೆಯ ಏಳನೇ ತರಗತಿಯ ಹುಡುಗಿ ಪುಸ್ತಕ ಬಿಡಿಸಿಕೊಂಡು ಬಂದಳು. ಎರಡು ವಿಮಾನ ನಿಲ್ದಾಣಗಳ ನಡುವೆ ಇಷ್ಟು ಕಿಲೋಮೀಟರ್ ದೂರ, ವಿಮಾನದ ವೇಗ ಗಂಟೆಗೆ ಇಷ್ಟು, ಹಾಗಾದರೆ ತಲುಪಲು ಎಷ್ಟು ಹೊತ್ತು ಬೇಕು? ನಾನು ಅಭ್ಯಾಸಬಲದಿಂದ, ‘ಮೊದಲು ವಿಮಾನ ಅಂತ ಇರುವಲ್ಲಿ ರೈಲು ಅಂತ ಬರ್ಕೋ. ನಿಲ್ದಾಣ ಇದ್ದ ಹಾಗೇ ಇರಲಿ’ ಎಂದೆ. ಮೂವತ್ತೊಂದು ವರ್ಷ ತರಗತಿಯಲ್ಲಿ ಹೀಗೇ ಮಾಡಿದ್ದೇನೆ. ರೈಲಿಗೆ ಗಂಟೆಗೆ ಐನೂರು ಕಿಲೋಮೀಟರ್ ವೇಗ ಕೊಟ್ಟು ಓಡಿಸಿದ್ದೇನೆ. ಒಂದು ಮಗುವೂ ಪ್ರಶ್ನೆ ಮಾಡಿರಲಿಲ್ಲ. ಈ ಹುಡುಗಿ ಪೆನ್ಸಿಲ್ ಎತ್ತಿಹಿಡಿದು, ‘ಯಾಕೆ ಟೀಚರ್? ವಿಮಾನ ಇದ್ರೆ ಎಂತ ಆಗ್ತದೆ?’ ಎಂದು ಕೇಳಿದಳು.

ಎಂತ ಆಗ್ತದೆ ಎಂದು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ನಿಮಗೆ ನಾಳೆ ಪರೀಕ್ಷೆ ಇಲ್ಲವಲ್ಲ.

ನಾನು ಹುಟ್ಟಿ ಬೆಳೆದದ್ದು ಕುಮಟೆಗೆ ಹತ್ತಿರದ ಹೊಳನಗದ್ದೆಯಲ್ಲಿ. ಮಳೆಗಾಲಕ್ಕೆ ಭತ್ತ, ಅದನ್ನು ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಈರುಳ್ಳಿ, ಹರಿವೆ, ಬದನೆ. ನಮ್ಮ ಸಿಹಿ ಈರುಳ್ಳಿ ತಿಂದವರಿಗೆ ಬೇರೆ ಈರುಳ್ಳಿ ರುಚಿಸುವುದಿಲ್ಲ ಎಂಬುದು ಊರಿನವರ ಜಂಬ, ನನಗೂ ಇದೆ. ಅದನ್ನು ಕಿತ್ತು, ಒಣಗಿದ ಎಲೆಗಳನ್ನು ಜಡೆಯ ಹಾಗೆ ಹೆಣೆದು, ಗೊಂಚಲು ಮಾಡಿ ಅಡುಗೆಮನೆಯ ತೊಲೆಗೆ ತೂಗುಹಾಕುತ್ತಿದ್ದೆವು. ಅವ್ವೆ, ಅಂದರೆ ನನ್ನ ತಾಯಿ, ಈರುಳ್ಳಿಯ ಜಡೆಗೆ ತೋರಿಸುತ್ತಿದ್ದ ಅಕ್ಕರೆಯನ್ನು ನನ್ನ ತಲೆಯ ಜಡೆಗೆ ಎಂದೂ ತೋರಿಸಲಿಲ್ಲ. ನನ್ನ ಕೂದಲು ಬಾಚಿ ಹೆಣೆಯುತ್ತಿದ್ದವಳು ಅಕ್ಕ. ಅವಳ ಹೆಸರು ಗಣಪಿ, ನನಗಿಂತ ಆರು ವರ್ಷ ದೊಡ್ಡವಳು. ಬಾಚುವಾಗ ನಾನು ಅಲುಗಾಡಿದರೆ ಬಾಚಣಿಗೆಯಿಂದಲೇ ತಲೆಗೆ ಒಂದು ಕುಟ್ಟುತ್ತಿದ್ದಳು, ಆಮೇಲೆ ಕುಟ್ಟಿದ ಜಾಗವನ್ನು ತಾನೇ ತಿಕ್ಕುತ್ತಿದ್ದಳು.

ಇಷ್ಟೆಲ್ಲ ಇದ್ದ ನಮ್ಮ ಕೇರಿಯಲ್ಲಿ ಇಲ್ಲದಿದ್ದದ್ದು ಒಂದು ಗಡಿಯಾರ. ಬಿಸಿಲಿನ ದಿನ ನೆರಳು ನೋಡಿ ಹೊತ್ತು ಹೇಳುತ್ತಿದ್ದರು. ಮೋಡದ ದಿನ ಅವರವರ ಹೊಟ್ಟೆಯನ್ನು ನಂಬಬೇಕಿತ್ತು. ನನ್ನ ಹೊಟ್ಟೆ ಯಾವಾಗಲೂ ಒಂದು ತಾಸು ಮುಂದೆ ಓಡುತ್ತಿದ್ದುದರಿಂದ ನನ್ನನ್ನು ಯಾರೂ ಕೇಳುತ್ತಿರಲಿಲ್ಲ.

ಹೀಗಿದ್ದಾಗ ನಮ್ಮ ಆಕಾಶಕ್ಕೆ ವಿಮಾನ ಬಂತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಬೆಳಗಾವಿಯಲ್ಲಿ ಏರಿ ಮಂಗಳೂರಿನ ಬಜಪೆಯಲ್ಲಿ ಇಳಿಯುವ ವಿಮಾನ ಅದು, ಘಟ್ಟ ದಾಟಿ ಕಡಲು ಕಂಡ ಮೇಲೆ ದಂಡೆ ಹಿಡಿದೇ ದಕ್ಷಿಣಕ್ಕೆ ಹೋಗುತ್ತದೆ ಎಂದು ನಮಗೆ ತಿಳಿಸಿದವರು ಬಟ್ಟೆ ಸಾಹೇಬರು. ಅವರು ಭಟ್ಕಳದವರು, ಗಂಟು ಹೊತ್ತು ಹಳ್ಳಿಹಳ್ಳಿಗೆ ಬಂದು ಸೀರೆ, ಪಂಚೆ, ರವಿಕೆ ಕಣ ಮಾರುತ್ತಿದ್ದರು. ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಕೊಂಕಣಿ, ನಮ್ಮ ಅಂಗಳದಲ್ಲಿ ಕನ್ನಡ ಆಡುವ ಅವರಿಗೆ ಗೊತ್ತಿಲ್ಲದ ಸುದ್ದಿ ಇರಲಿಲ್ಲ. ‘ಒಂದೂಕಾಲು ಗಂಟೆ ಅಮ್ಮಾ, ಹೆಚ್ಚಿಲ್ಲ. ಬೆಳಗಾಂವಿನಲ್ಲಿ ಚಾ ಕುಡ್ದು ಹತ್ತಿದ್ರೆ ಬಜಪೆಯಲ್ಲಿ ಇಳಿಯೂವಾಗ ಬಾಯಲ್ಲಿ ಸಕ್ರೆ ಹಾಂಗೇ ಇರ್ತದೆ’ ಎಂದರು. ಅವ್ವೆ ನಂಬಲಿಲ್ಲ. ಕುಮಟೆಯ ಸಂತೆಗೆ ಹೋಗಿ ಬರಲು ತನಗೇ ಅರ್ಧ ದಿನ ಬೇಕಾಗುವಾಗ ಅಷ್ಟು ದೂರದವರು ಅಷ್ಟು ಬೇಗ ಮುಟ್ಟುವುದು ಅವಳಿಗೆ ನ್ಯಾಯವಾಗಿ ಕಾಣಲಿಲ್ಲ.

ನಂಬದಿದ್ದರೂ ಊರು ಆ ವಿಮಾನವನ್ನು ಬಿಡಲಿಲ್ಲ. ಭಾನುವಾರ ಒಂದು ಬಿಟ್ಟು ದಿನಾ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಅದರ ಸದ್ದು ಕೇಳುತ್ತಿತ್ತು. ಸದ್ದು ಕೇಳಿದರೆ ಗದ್ದೆಯವರು ಗಂಜಿಗೆ ಮೇಲೆ ಬರುತ್ತಿದ್ದರು, ಮನೆಯವರು ಅಕ್ಕಿ ತೊಳೆಯುತ್ತಿದ್ದರು. ಕುಮಟೆಯಿಂದ ಹೊನ್ನಾವರಕ್ಕೆ ಹನ್ನೊಂದೂವರೆಗೆ ಒಂದು ಬಸ್ಸಿತ್ತು. ವಿಮಾನ ಹೋದ ಕೂಡಲೇ ಹೊರಟರೆ ನಡೆದುಹೋಗಿ, ಎಲೆ ಅಡಿಕೆ ಹಾಕಿಕೊಂಡು, ಕಿಟಕಿಯ ಸೀಟು ಹಿಡಿಯುವಷ್ಟು ಸಮಯ ಸಿಗುತ್ತಿತ್ತು. ‘ವಿಮಾನ ಹೋಗ್ಲಿ, ಹೊರಡ್ವಾ’ ಎಂಬುದು ಊರ ಮಾತೇ ಆಯಿತು. ತನ್ನ ಮೇಲೆ ಒಂದು ಊರು ಹೀಗೆ ಭಾರ ಹಾಕಿ ಕೂತಿದೆ ಎಂದು ಪಾಪ ಆ ಪೈಲಟ್ಟಿಗೆ ಏನು ಗೊತ್ತು.

ಅಕ್ಕನನ್ನು ಭಟ್ಕಳದ ಹತ್ತಿರದ ಶಿರಾಲಿಗೆ ಕೊಟ್ಟರು. ಈಗ ಕಾರಿನವರು ಕುಮಟೆಯಿಂದ ಶಿರಾಲಿಗೆ ಒಂದು ತಾಸು ಎನ್ನುತ್ತಾರೆ. ಆಗ ಶರಾವತಿಗೆ ಸೇತುವೆ ಇರಲಿಲ್ಲ. ಕುಮಟೆಯಲ್ಲಿ ಬಸ್ಸು ಹತ್ತಿ ಹಳದೀಪುರದ ಮೇಲಿಂದ ಹೊನ್ನಾವರಕ್ಕೆ ಹೋಗಿ, ಅಲ್ಲಿ ಲಾಂಚಿನಲ್ಲಿ ಹೊಳೆ ದಾಟಿ, ಆಚೆ ಕಾಸರಕೋಡಿನಲ್ಲಿ ಇನ್ನೊಂದು ಬಸ್ಸಿಗೆ ಕಾಯಬೇಕು. ಗದ್ದೆ, ದನ, ಕೋಳಿ ಬಿಟ್ಟು ಅವ್ವೆ ಹೊರಡುವುದು ವರ್ಷಕ್ಕೆ ಒಂದು ಸಲವೂ ಕಷ್ಟವಿತ್ತು. ಅಕ್ಕ ಮೊದಲ ದೀಪಾವಳಿಗೆ ಬಂದವಳು ಅವ್ವೆಯ ಪಕ್ಕದಲ್ಲಿ ಕೂತು ಒಂದು ವಿಷಯ ಹೇಳಿದಳು.

‘ನಮ್ಮಲ್ಲೂ ಅದೇ ವಿಮಾನ ಬತ್ತದೆ ಅವ್ವೆ. ಬಾವಿಕಟ್ಟೆ ಮೇಲೇ ಹೋಗ್ತದೆ. ಆ ಹೊತ್ತಿಗೆ ನಾ ನೀರು ಸೇದ್ತಾ ಇರ್ತೆ.’

ಅವ್ವೆ, ‘ಹಂಗಾರೆ ಕೊಡ ಕೆಳಗಿಟ್ಟು ಒಂದು ಸಲ ಮೇಲೆ ಕಾಣು. ಇಲ್ಲಿ ನಾನು ಕಂಡದ್ದೇ ಅಲ್ಲಿಗೆ ಬಪ್ಪದು’ ಎಂದಳು.

ಅಂದಿನಿಂದ ವಿಮಾನ ಅವ್ವೆಗೆ ನೆಂಟನಾಯಿತು. ಇಲ್ಲಿಂದ ಹೋದದ್ದು ಗಣಪಿಯ ಬಾವಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂದು ನನ್ನನ್ನು ಕೇಳಿದಳು. ನಾನು ಆರನೇ ಇಯತ್ತೆಯಲ್ಲಿದ್ದೆ, ಕಾಲ-ವೇಗ-ದೂರದ ಪಾಠ ಆಗಷ್ಟೇ ಮುಗಿದಿತ್ತು, ಸೊಕ್ಕು ಅಷ್ಟಿಷ್ಟಲ್ಲ. ಸಾಹೇಬರು ಹೇಳಿದ ಒಂದೂಕಾಲು ಗಂಟೆಯನ್ನೂ ಮಾಸ್ತರರು ಹೇಳಿದ ಮೈಲಿಗಳನ್ನೂ ಇಟ್ಟುಕೊಂಡು ಭಾಗಿಸಿ, ಗುಣಿಸಿ, ‘ಹದಿಮೂರು ನಿಮಿಷ’ ಎಂದು ತೀರ್ಪು ಕೊಟ್ಟೆ. ನಮ್ಮೂರಿಂದ ಶಿರಾಲಿಗೆ ಲೆಕ್ಕ ಹಿಡಿದದ್ದು ರಸ್ತೆಯ ಮೈಲಿಗಲ್ಲುಗಳನ್ನು. ವಿಮಾನವೂ ಬಸ್ಸಿನ ಹಾಗೆ ಪ್ರತಿಯೊಂದು ತಿರುವಿನಲ್ಲಿ ತಿರುಗುತ್ತದೆ ಎಂಬಂತೆ! ನೇರ ಹೋದರೆ ಅಷ್ಟು ಬೇಡ ಎಂದು ನನಗೆ ಹೊಳೆದದ್ದು ನಾನೇ ಆ ಪಾಠ ಕಲಿಸತೊಡಗಿದ ಮೇಲೆ.

ಹದಿಮೂರು ನಿಮಿಷ ಎಂದರೆ ಎಷ್ಟು ಎಂದು ಅವ್ವೆಗೆ ತೋರಿಸಬೇಕಾಯಿತು. ಹುಣಸೆಬೀಜ ಇಟ್ಟುಕೊಂಡು ಅರುವತ್ತು ಎಣಿಸಿದಾಗೊಮ್ಮೆ ಒಂದು ಬೀಜ ಸರಿಸಿದೆ. ಅವ್ವೆಗೆ ಈ ಎಣಿಕೆ ಒಗ್ಗಲಿಲ್ಲ. ಅವಳಿಗೆ ಗೊತ್ತಿದ್ದದ್ದು ಪದ. ಸಸಿ ನೆಡುವ ನೆಟ್ಟಿಗೆ, ಭತ್ತ ಕುಟ್ಟಲಿಕ್ಕೆ, ಮದುವೆಗೆ ಎಲ್ಲದಕ್ಕೂ ಅವಳ ಹತ್ತಿರ ಪದವಿತ್ತು, ಇಲ್ಲದಿದ್ದರೆ ಕಟ್ಟುತ್ತಿದ್ದಳು. ಇದಕ್ಕೂ ಒಂದು ಕಟ್ಟಿದಳು. ಮಗಳು ಗಂಡನ ಮನೆಗೆ ಹೋಗುವ ಪದ, ದಾರಿಯ ಒಂದೊಂದು ಊರಿಗೆ ಒಂದೊಂದು ನುಡಿ.

ಹಳದೀಪುರದಾ ಹಾದೀಲಿ ತೆಂಗೀನ ನೆರಳುಂಟು
ನಿಲ್ಲಬ್ಯಾಡ ಮಗಳೆ ನೆರಳೀಗೆ, ಹೊಳೆಯಾಚೆ
ನಿನ್ನತ್ತೆ ದೀಪ ಹಚ್ಯಾಳೆ.

ಹೀಗೆ ಹೊಳೆಯ ದಂಡೆಗೆ ಬಂದು, ಹೊಳೆಯಮ್ಮನನ್ನು ದಾರಿ ಕೇಳಿ, ದಾಟಿ, ಆಚೆಯ ಊರುಗಳನ್ನೆಲ್ಲ ಹಾದು ಶಿರಾಲಿಯ ಬಾವಿಕಟ್ಟೆಯಲ್ಲಿ ಪದ ಮುಗಿಯುತ್ತಿತ್ತು. ಮೊದಮೊದಲು ಅದು ನನ್ನ ಬೀಜಗಳಿಗಿಂತ ಬೇಗ ಮುಗಿಯಿತು. ‘ಇನ್ನೂ ಮೂರು ನಿಮಿಷ ಉಂಟು’ ಎಂದು ನಾನು ಅಧಿಕಾರದಿಂದ ಹೇಳಿದೆ. ಅವ್ವೆ ಪಾಪ ರಾಗ ಎಳೆದಳು, ಎರಡು ನುಡಿ ಸೇರಿಸಿದಳು. ದಿನವೂ ವಿಮಾನದ ಸದ್ದು ಕೇಳಿದೊಡನೆ ಕೈಯಲ್ಲಿ ಯಾವ ಕೆಲಸವಿದ್ದರೂ ಅದರ ಜೊತೆಗೆ ಆ ಪದ ಶುರು ಮಾಡುತ್ತಿದ್ದಳು. ಮುಗಿದ ಮೇಲೆ, ‘ಹ್ಞಾ, ಮುಟ್ಟಿತು’ ಎನ್ನುತ್ತಿದ್ದಳು. ಅಷ್ಟರಲ್ಲಿ ಅದು ಅಕ್ಕನ ತಲೆಯ ಮೇಲಿಂದ ದಾಟಿ ಎಷ್ಟೋ ಹೊತ್ತಾಗಿರುತ್ತಿತ್ತು. ನನ್ನ ಲೆಕ್ಕದಿಂದಾಗಿ ನಾವು ಪದದಲ್ಲೂ ತಡವಾಗಿಯೇ ಮುಟ್ಟುತ್ತಿದ್ದೆವು.

ಅಕ್ಕನ ಮದುವೆಯಾಗಿ ಎರಡು ವರ್ಷವಾಗಿತ್ತು. ಆಷಾಢದ ಒಂದು ಸಂಜೆ ಬಟ್ಟೆ ಸಾಹೇಬರು ಬಂದರು, ಗಂಟಿಲ್ಲದೆ. ಮಳೆಗಾಲದಲ್ಲಿ ಅವರು ವ್ಯಾಪಾರಕ್ಕೆ ಬರುವವರೇ ಅಲ್ಲ. ಕೊಡೆ ಮಡಿಸಿ ಜಗಲಿಯ ತುದಿಯಲ್ಲಿ ನಿಂತೇ ಹೇಳಿದರು.

‘ಅಮ್ಮಾ, ಗಣಪಿಗೆ ಎಂಟು ದಿನದಿಂದ ಜ್ವರ. ಡಾಕ್ಟ್ರು ವಿಷಮಜ್ವರ ಅಂದಿದಾರೆ. ಅವ್ವೆ ಬೇಕು ಅಂತ ಒಂದೇ ಹಟ. ಅವ್ಳ ಗಂಡ ಹತ್ರ ಬಿಟ್ಟು ಏಳೂ ಹಾಂಗಿಲ್ಲ, ಅದ್ಕೆ ನಾನೇ ಬಂದೆ. ನಾಳೆ ಹನ್ನೊಂದೂವರೆ ಬಸ್ಸು ತಪ್ಪಿಸ್ಬೇಡಿ. ಗೇರುಸೊಪ್ಪೆ ಕಡೆಯಿಂದ ಕೆಂಪು ನೀರು ಬರ್ತಾ ಉಂಟು. ಮಧ್ಯಾಹ್ನದ ಮೇಲೆ ಲಾಂಚು ಬಿಡ್ತಾರೋ ಇಲ್ವೋ, ಗ್ಯಾರಂಟಿ ಇಲ್ಲ.’

ಆಗಿನ್ನೂ ಮೇಲೆ ಲಿಂಗನಮಕ್ಕಿಯ ಅಣೆಕಟ್ಟು ಎದ್ದಿರಲಿಲ್ಲ. ಹೊಳೆಗೆ ಸಿಟ್ಟು ಬಂದರೆ ಸಮಾಧಾನ ಮಾಡುವವರು ಯಾರೂ ಇರಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ನೆಟ್ಟಿಯ ಗದ್ದೆಗೆ ಹೋದ. ಅವ್ವೆ ದನಗಳ ಕೆಲಸ ಮುಗಿಸಿ, ಒಂದು ಈರುಳ್ಳಿ ಗೊಂಚಲು ಇಳಿಸಿ, ಮಳೆಗೆ ಹೊದೆಯುವ ಕಂಬಳಿಕೊಪ್ಪೆ ತೆಗೆದಿಟ್ಟು ಸಿದ್ಧಳಾದಳು. ಆಕಾಶ ಮುಚ್ಚಿಕೊಂಡು ಬಿದ್ದಿತ್ತು, ನೆರಳೆಂಬುದೇ ಇಲ್ಲ.

‘ಹೊತ್ತಾತು ಕಾಣ್ತದೆ ತಂಗಿ. ಹೊರಡ್ವಾ’ ಎಂದಳು ಅವ್ವೆ. ನಮ್ಮ ಕಡೆ ಸಣ್ಣ ಹೆಣ್ಣುಮಕ್ಕಳನ್ನು ತಾಯಂದಿರೂ ತಂಗಿ ಎಂದೇ ಕರೆಯುತ್ತಾರೆ.

‘ವಿಮಾನ ಹೋಗ್ಲಿಲ್ಲ ಅವ್ವೆ. ಈಗ್ಲೇ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ನೆನೀಬೇಕಾ?’ ಎಂದೆ ನಾನು.

ಅದು ಸುಳ್ಳಲ್ಲ. ವಿಮಾನ ಹೋಗಿರಲಿಲ್ಲ, ಊರೆಲ್ಲ ಹೊರಡುತ್ತಿದ್ದದ್ದೂ ಹಾಗೆಯೇ. ಆದರೆ ಪೂರ್ತಿ ನಿಜವೂ ಅಲ್ಲ. ಅಕ್ಕ ಹಿಂದಿನ ಬೇಸಿಗೆಯಲ್ಲಿ ಸಾಹೇಬರ ಕೈಯಲ್ಲಿ ನನಗೊಂದು ಹಸಿರು ಲಂಗದ ಬಟ್ಟೆ ಕಳಿಸಿದ್ದಳು. ಹೊಲಿಸಿದ್ದೆ, ಅವಳು ನೋಡಿರಲಿಲ್ಲ. ಹಿಂದಿನ ದಿನ ಶಾಲೆಯಿಂದ ಬರುವಾಗ ಅದು ಕೆಸರಾಗಿ, ತೊಳೆದು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದೆ. ನೆರಿಗೆಯ ಹತ್ತಿರ ಇನ್ನೂ ಹಸಿಯಿತ್ತು. ಅದನ್ನೇ ಉಟ್ಟುಕೊಂಡು ಅಕ್ಕನ ಮುಂದೆ ನಿಲ್ಲಬೇಕು ಎಂಬುದು ನನ್ನ ಆಸೆ. ಅವ್ವೆ ಅಂಗಳಕ್ಕಿಳಿದು ಮೇಲೆ ನೋಡಿ ಒಳಬಂದು ಮತ್ತೆ, ‘ಹೊರಡ್ವನೆ’ ಎಂದಳು. ನಾನು ಒಲೆಗೆ ಎರಡು ತೆಂಗಿನ ಮಡಲು ತುರುಕಿ, ಲಂಗವನ್ನು ಕೈಯಲ್ಲಿ ಹಿಡಿದು ಬೆಂಕಿಗೆ ಒಡ್ಡುತ್ತ, ‘ಇನ್ನೂ ಟೈಮುಂಟು, ನನ್ನ ಲೆಕ್ಕ ತಪ್ಪೂದಿಲ್ಲ’ ಎಂದೆ. ಶಾಲೆಗೆ ಹೋಗುವವಳ ಮಾತು ಎಂದು ಅವ್ವೆ ಸುಮ್ಮನೆ ಕೂತಳು. ಮೂರನೆಯ ಸಲ ಅವಳು ಕೇಳಲಿಲ್ಲ.

ಲಂಗ ಒಣಗಿತು. ಉಟ್ಟುಕೊಂಡೆ. ಅದಾಗಿ ಬಹಳ ಹೊತ್ತಿನ ಮೇಲೆ ಮೋಡದ ಮೇಲೆಲ್ಲೋ ವಿಮಾನದ ಸದ್ದು ಕೇಳಿತು. ನಾವು ಓಡಿದ ಹಾಗೆಯೇ ನಡೆದೆವು. ಕುಮಟೆಯ ಸ್ಟ್ಯಾಂಡಿನ ಗೋಡೆಯ ಗಡಿಯಾರದಲ್ಲಿ ಹನ್ನೆರಡೂಕಾಲು ದಾಟಿತ್ತು.

‘ಹನ್ನೊಂದೂವರೆ ಬಸ್ಸು ಆಗ್ಲೇ ಹೋತಲ್ಲ’ ಎಂದ ಟಿಕೀಟಿನವನು.

‘ವಿಮಾನ ಈಗ ಹೋತಲ್ರಾ!’ ಎಂದಳು ಅವ್ವೆ.

ಅವನು ನಕ್ಕ. ‘ವಿಮಾನ ಕಂಡು ಬಸ್ಸು ಬಿಡ್ತಾರಾ? ಮಳೆಗೆ ಅದು ಲೇಟು. ಇನ್ನು ಎರಡೂವರೆಗೆ ಒಂದುಂಟು, ಕೂತ್ಕಣಿ.’

ಆ ಬಸ್ಸು ಹೊನ್ನಾವರ ಮುಟ್ಟಿದಾಗ ಲಾಂಚನ್ನು ದಂಡೆಗೆ ಕಟ್ಟಿ ಹಾಕಿದ್ದರು. ಒಂದು ಗಂಟೆಯವರೆಗೂ ಜನರನ್ನು ದಾಟಿಸಿದ್ದರಂತೆ. ಹೊಳೆಯಲ್ಲಿ ಬೇರುಸಹಿತ ಮರಗಳು ತೇಲಿ ಕಡಲಿಗೆ ಹೋಗುತ್ತಿದ್ದವು. ಅವ್ವೆ ಲಾಂಚಿನವನ ಹತ್ತಿರ ಒಮ್ಮೆ ಕೇಳಿದಳು, ಎರಡು ಸಲ ಕೇಳಿದಳು. ‘ಅಮ್ಮಾ, ನಿಮ್ಮ ಮಗಳಿಗೆ ಜ್ವರ, ಗೊತ್ತಾತು. ನಂಗೂ ಮಕ್ಕಳುಂಟು’ ಎಂದು ಅವನು ಕೈಮುಗಿದ. ದಂಡೆಯ ಮೇಲಿನ ಚಾ ಅಂಗಡಿಯವರು ಮಲಗಲು ಜಾಗ ಕೊಟ್ಟರು. ಅವ್ವೆ ಈರುಳ್ಳಿ ಗೊಂಚಲನ್ನು ಮಡಿಲಿನಿಂದ ಕೆಳಗಿಡಲಿಲ್ಲ.

ಮರುದಿನ ಮಳೆ ಬಿಟ್ಟಿತ್ತು, ಹೊಳೆ ಮಾತ್ರ ಇಳಿದಿರಲಿಲ್ಲ. ಹತ್ತೂವರೆಗೆ ವಿಮಾನ ಬಂತು, ಸರಿಯಾದ ಹೊತ್ತಿಗೆ. ಮೋಡದ ಸಂದಿನಲ್ಲಿ ನಮ್ಮ ತಲೆಯ ಮೇಲೆ ಕಂಡದ್ದು, ನಾನು ಇಪ್ಪತ್ತು ಎಣಿಸುವಷ್ಟರಲ್ಲಿ ಆಚೆ ದಂಡೆಯ ತೆಂಗಿನ ಮರಗಳನ್ನು ದಾಟಿ ಹೋಯಿತು. ಅವ್ವೆ ಎದ್ದು ನಿಂತಳು. ಪದ ಹಾಡುತ್ತಾಳೆ ಎಂದುಕೊಂಡೆ. ಹಾಡಲಿಲ್ಲ. ಅಷ್ಟು ಜನರ ನಡುವೆ ಗಟ್ಟಿಯಾಗಿ ಕೂಗಿ ಹೇಳಿದಳು.

‘ನಿಂಗೆ ಲಾಂಚು ಬೇಡ, ಎಂತದೂ ಬೇಡ. ನಮ್ಮ ಗಣಪಿಗೆ ಒಂದು ಮಾತು ಹೇಳು. ಅವ್ವೆ ಹೊಳೆ ತನಕ ಬಂದಿದಾಳೆ ಅಂತ ಹೇಳು.’

ಮಧ್ಯಾಹ್ನದ ಮೇಲೆ ಲಾಂಚು ಬಿಟ್ಟರು. ಶಿರಾಲಿಯ ಮನೆಯ ಅಂಗಳದಲ್ಲಿ ಜನ ನಿಂತದ್ದು ದೂರದಿಂದಲೇ ಕಂಡಿತು. ಅಕ್ಕ ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ ಹೋಗಿಬಿಟ್ಟಿದ್ದಳು. ಮಳೆ ಮತ್ತೆ ಹಿಡಿದುಕೊಳ್ಳುವ ಮೊದಲೆಂದು ಬೆಳಿಗ್ಗೆಯೇ ಎಲ್ಲ ಮುಗಿಸಿದ್ದರು. ಅವ್ವೆಗೆ ಮುಖವೂ ಸಿಗಲಿಲ್ಲ.

ಅಕ್ಕನ ಅತ್ತೆ ಒಳ್ಳೆಯ ಹೆಂಗಸು. ಅವ್ವೆಯ ಕೈ ಹಿಡಿದುಕೊಂಡು ಎಲ್ಲ ಹೇಳಿದಳು, ಹೇಳಬಾರದಿದ್ದದ್ದನ್ನೂ ಹೇಳಿದಳು. ‘ನಿನ್ನೆ ಮೂರೂವರೆಗೆ ಬಸ್ಸಿನ ಸದ್ದು ಕೇಳ್ತಲೆ, ಅವ್ವೆ ಬಂದ್ಲು ಅಂತ ಎದ್ದು ಕೂತ್ಲು ನೋಡು. ಎಂಟು ದಿನ ತಲೆ ಎತ್ತದವ್ಳು. ಬಾಚಣಿಗೆ ಬೇಡಿ ತಾನೇ ತಲೆ ಬಾಚ್ಕಂಡ್ಲು. ತಂಗಿ ಬಂದ್ರೆ ನಗಾಡ್ತಾಳೆ ಅಂದ್ಲು.’

ಹನ್ನೊಂದೂವರೆಯ ಬಸ್ಸು ಹಿಡಿದು ಹೊಳೆ ದಾಟಿದವರನ್ನು ಕರೆತಂದದ್ದು ಆ ಮೂರೂವರೆಯ ಬಸ್ಸು. ಈ ಲೆಕ್ಕ ಮಾಡಲು ನನಗೆ ಹುಣಸೆಬೀಜ ಬೇಕಾಗಲಿಲ್ಲ. ಅಕ್ಕ ಬದುಕುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಆದರೆ ಅವಳು ಬಾಗಿಲು ನೋಡಿದಾಗ ಅಲ್ಲಿ ಅವ್ವೆ ಇರುತ್ತಿದ್ದಳು, ಕೈಯಲ್ಲಿ ಗೊಂಚಲು ಹಿಡಿದುಕೊಂಡು. ಪಕ್ಕದಲ್ಲಿ ನಾನು, ಹಳೆಯ ಲಂಗದಲ್ಲಿ.

ಊರಲ್ಲಿ ಯಾರು ಕೇಳಿದರೂ ಅವ್ವೆ ಹೇಳಿದ್ದು ಒಂದೇ ಮಾತು: ‘ವಿಮಾನ ತಡ ಆತು.’ ಎಲ್ಲರೂ ತಲೆಯಾಡಿಸಿದರು, ಅವರೂ ಅದನ್ನೇ ನಂಬಿ ಹೊರಡುವವರಲ್ಲವೇ? ಬಟ್ಟೆ ಸಾಹೇಬರು ಪೈಲಟ್ಟಿಗೆ ನವಾಯತಿಯಲ್ಲಿ ಏನೋ ಬೈದು ಕಣ್ಣೊರೆಸಿಕೊಂಡರು. ಆ ಪೈಲಟ್ಟು ಎಲ್ಲಿಯವನೋ, ಮಳೆಯಲ್ಲಿ ಜೀವ ಕೈಯಲ್ಲಿ ಹಿಡಿದು ಹಾರಿಸಿಕೊಂಡು ಬಂದವನು. ನನ್ನ ಪಾಲನ್ನೂ ಅವನ ತಲೆಗೇ ಕಟ್ಟಿ ಸುಮ್ಮನಾದೆ. ಆ ವರ್ಷ ಕೊಯ್ಲು ಮುಗಿದ ಮೇಲೆ ಅಪ್ಪ ಒಂದು ಗೋಡೆ ಗಡಿಯಾರ ತಂದ. ಅವ್ವೆ ಅದರ ಕಡೆ ಕತ್ತೆತ್ತಿ ನೋಡಿದ್ದನ್ನು ನಾನು ಕಾಣೆ.

ನಾನು ದೊಡ್ಡವಳಾಗಿ, ಓದಿ, ಗಣಿತದ ಟೀಚರಾದೆ. ಮಕ್ಕಳು ಲೆಕ್ಕ ಬೇಗ ಮುಗಿಸಿ ಸೊಕ್ಕಿನಿಂದ ಕೈಯೆತ್ತಿದಾಗ, ‘ಇನ್ನೊಂದು ಸಲ ನೋಡು’ ಎಂದು ಪೀಡಿಸುವ ಟೀಚರೆಂದು ಹೆಸರಾಯಿತು. ವಿಮಾನದ ಲೆಕ್ಕಗಳನ್ನೆಲ್ಲ ರೈಲು ಮಾಡಿದೆ. ರೈಲು ನಮ್ಮ ಊರಿಗೆ ಬಹಳ ಕಾಲ ಬರಲೇ ಇಲ್ಲವಾದ್ದರಿಂದ ಅದರ ಮೇಲೆ ನನಗೆ ಯಾವ ಮುನಿಸೂ ಇರಲಿಲ್ಲ.

ಪಕ್ಕದ ಮನೆಯ ಹುಡುಗಿಗೆ ಹೋದ ವಾರ, ‘ಆತು, ವಿಮಾನ ಅಂತಲೇ ಇರ್ಲಿ’ ಎಂದೆ. ಅವಳು ತಟಪಟ ಭಾಗಿಸಿ ಮುಕ್ಕಾಲು ಗಂಟೆ ಎಂದು ಉತ್ತರ ಬರೆದಳು. ಸರಿಯಿತ್ತು. ಅವಳಿಗೇ ನಂಬಿಕೆ ಬರದೆ, ‘ಇಷ್ಟು ಬೇಗ ಮುಟ್ತದಾ ಟೀಚರ್?’ ಎಂದಳು. ‘ವಿಮಾನ ಮುಟ್ತದೆ’ ಎಂದೆ.

ಅವಳು ಹೋದ ಮೇಲೆ ಜಗಲಿಯಲ್ಲಿ ಕೂತು ಆ ಪದ ಗುನುಗಿದೆ. ಹಳದೀಪುರದ ನೆರಳು ಬಂತು, ಹೊಳೆಯ ದಂಡೆ ಬಂತು. ಮುಂದಿನದು ನನಗೆ ಬಾರದು. ಅಕ್ಕ ಹೋದ ಮೇಲೂ ಅವ್ವೆ ವಿಮಾನದ ಹೊತ್ತಿಗೆ ಪದ ಶುರು ಮಾಡುತ್ತಿದ್ದಳು, ಹೊಳೆಯ ದಂಡೆಯವರೆಗೆ ಹಾಡಿ ನಿಲ್ಲಿಸುತ್ತಿದ್ದಳು. ಹೊಳೆಯಾಚೆಯ ನುಡಿಗಳು ಹಾಗೆಯೇ ಅವಳ ಜೊತೆಗೆ ಹೋದವು. ನನಗೆ ನೌಕರಿ ಸಿಕ್ಕ ವರ್ಷ, ಒಂದು ದಿನ ಈರುಳ್ಳಿ ಹೆಣೆಯುತ್ತ ಕೂತಿದ್ದಾಗ ಧೈರ್ಯ ಮಾಡಿ ಕೇಳಿದ್ದೆ, ‘ಅವ್ವೆ, ಪದ ಅಲ್ಲಿಗೇ ಯಾಕೆ ನಿಲ್ಸ್ತೆ? ಇನ್ನೂ ಅರ್ಧ ಉಂಟಲ್ಲ.’

ಅವ್ವೆ ಹೆಣೆಯುತ್ತಿದ್ದ ಕೈ ನಿಲ್ಲಿಸಲಿಲ್ಲ. ‘ನಾವು ಹೋದದ್ದು ಅಲ್ಲೀ ತನಕ ಅಲ್ದನೆ ತಂಗಿ’ ಎಂದಳು.

ನಾವು ಎಂದಳು. ಲಂಗದ ವಿಷಯ ಹೇಳಬೇಕೆಂದು ನನ್ನ ಬಾಯಿಯವರೆಗೆ ಬಂದಿತ್ತು. ಇನ್ನೊಂದು ಗೊಂಚಲು ಎಳೆದುಕೊಂಡು ನಾನೂ ಹೆಣೆಯತೊಡಗಿದೆ.